ಮಂಕು ತಾಮ್ರ

ಮೇಸ್ತ್ರಿಗೆ ಹೆಂಡತಿ ಆಡಿದ ಮಾತು ಅರ್ಧಕ್ಕರ್ಧ ಕೇಳುತ್ತಿರಲಿಲ್ಲ.

“ಪಕ್ಕದ್ಮನೆ ಯಜಮಾನ್ರು ಗೋಡೆ ಆಚೆ ಕೆಮ್ಮಿದ್ರೂ ಇವ್ರಿಗೆ ಕೇಳತ್ತೆ. ನಾನು ಎದುರಿಗೆ ನಿಂತು ಗಂಟಲು ಹರ್ಕೊಂಡ್ರೂ ಕೇಳಲ್ಲ. ಜಾಣ ಕಿವುಡು!” ಎಂದು ಅವಳು ಬಂದವರ ಮುಂದೆಲ್ಲ ದೂರುತ್ತಿದ್ದಳು.

ಜಾಣತನ ಏನೂ ಇರಲಿಲ್ಲ. ನಲವತ್ತು ವರ್ಷ ತಾಮ್ರದ ತಗಡು ಬಡಿದವನ ಕಿವಿ ಅದು. ಲಾರಿ ಹೋದರೆ ಕೇಳುತ್ತಿತ್ತು, ಗುಡುಗಿದರೆ ಕೇಳುತ್ತಿತ್ತು, ಗಂಡಸರ ಗಡಸು ದನಿ ಕೇಳುತ್ತಿತ್ತು. ಹಕ್ಕಿಯ ಚಿಲಿಪಿಲಿ, ಸೈಕಲ್ಲಿನ ಬೆಲ್ಲು, ಸಣ್ಣ ದನಿಯ ಹೆಂಗಸರ ಮಾತು ಹೊರಗೇ ನಿಂತುಬಿಡುತ್ತಿದ್ದವು. ಅವನ ಗ್ರಹಚಾರಕ್ಕೆ ಹೆಂಡತಿಯದು ಪೀಪಿಯಂಥ ದನಿ.

ಅವನಪ್ಪನ ಕಾಲದಲ್ಲಿ ಆ ಬೀದಿಯಲ್ಲಿ ಹದಿನೇಳು ತಾಮ್ರದ ಅಂಗಡಿಗಳಿದ್ದವು. ಬೆಳಗಾದರೆ ಠಣ್ ಠಣ್ ಶುರು. ಬೀದಿಯ ಜನ ಕೈಸನ್ನೆಯಲ್ಲೇ ವ್ಯವಹಾರ ಮುಗಿಸುತ್ತಿದ್ದರು. ಆಮೇಲೆ ಸ್ಟೀಲು ಬಂತು, ಪ್ಲಾಸ್ಟಿಕ್ ಬಂತು. ಅಂಗಡಿಗಳು ಒಂದೊಂದಾಗಿ ಮೊಬೈಲ್ ರಿಪೇರಿ ಅಂಗಡಿಗಳಾದವು. ಮೇಸ್ತ್ರಿಯೂ ಕೊಡ, ಹಂಡೆ ಬಿಟ್ಟು ಪೈಪಿಗೆ ಇಳಿದ. ಏಸಿ ಪೈಪು, ಫ್ರಿಜ್ಜಿನ ಪೈಪು, ಬಿಸಿನೀರಿನ ಪೈಪು. ಕಸುಬು ಬದಲಾದರೂ ಒಂದು ಚಾಳಿ ಮಾತ್ರ ಬಿಡಲಿಲ್ಲ. ಕೈಯಿಂದ ಹೊರಗೆ ಹೋಗುವ ತಾಮ್ರ ಹೊಳೆಯಬೇಕು. ಗೋಡೆಯೊಳಗೆ ಹೂತುಹೋಗುವ ಪೈಪನ್ನೂ ನಿಂಬೆಹುಳಿ, ಉಪ್ಪು ಹಾಕಿ ಉಜ್ಜುತ್ತಿದ್ದ. “ಮಂಕು ತಾಮ್ರ ಕೊಡೋದೂ ಒಂದೇ, ಮುಖ ತೊಳೀದೆ ಮದುವೆಗೆ ಹೋಗೋದೂ ಒಂದೇ” ಎನ್ನುವುದು ಅಪ್ಪ ಹೇಳಿಕೊಟ್ಟ ಮಾತು.

ಮೂರು ವರ್ಷದ ಹಿಂದೆ ಊರಾಚೆಯ ಒಂದು ಪ್ರಯೋಗಶಾಲೆಯಲ್ಲಿ ನೀರಿನ ಪೈಪು ಸೋರುತ್ತಿದೆ ಎಂದು ಅವನನ್ನು ಕರೆದರು. ಪೈಪಿಗೆ ಬೆಸುಗೆ ಹಾಕಿ, ಉಜ್ಜಿ, ಚೀಲ ಹೆಗಲಿಗೇರಿಸಿ ಹೊರಡುವಾಗ ಕೋಣೆಯ ನಡುವೆ ಆ ಯಂತ್ರ ಕಂಡಿತು. ಹೊರಗಿನ ಡಬ್ಬ ಬಿಚ್ಚಿಟ್ಟಿದ್ದರು. ಚಾವಣಿಯ ಎತ್ತರದ ಚೌಕಟ್ಟಿನಿಂದ ದುಂಡನೆಯ ತಟ್ಟೆಗಳು ಒಂದರ ಕೆಳಗೊಂದು ತೂಗುತ್ತಿದ್ದವು. ಬಂಗಾರದ ಬಣ್ಣ. ತಟ್ಟೆಯಿಂದ ತಟ್ಟೆಗೆ ಕೂದಲಿನಂಥ ತಂತಿಗಳು. ಮೇಸ್ತ್ರಿ ನಿಂತಲ್ಲೇ ನಿಂತ.

“ಬಂಗಾರ ಅಲ್ವಾ?” ಎಂದು ಅಲ್ಲಿದ್ದ ಇಂಜಿನಿಯರ್ ಹೆಮ್ಮೆಯಿಂದ ಕೇಳಿದ. ದೊಡ್ಡ ಮೀಸೆಯ ಮನುಷ್ಯ. ಎಲ್ಲರೂ ಅವನನ್ನು ಮೀಸೆ ಎಂದೇ ಕರೆಯುತ್ತಿದ್ದರು.

“ಮೇಲೆ ಬಂಗಾರದ ನೀರು ಕುಡಿಸಿದ್ದಾರೆ ಅಷ್ಟೆ. ಒಳಗಿರೋದು ತಾಮ್ರ. ಒಳ್ಳೇ ತಾಮ್ರ,” ಎಂದ ಮೇಸ್ತ್ರಿ. ಸ್ಕ್ರೂ ಉಜ್ಜಿದ ಒಂದು ಅಂಚಿನಲ್ಲಿ ಅವನಿಗೆ ಕೆಂಪು ಕಂಡಿತ್ತು. ಆಮೇಲೆ ಒಂದು ತಟ್ಟೆಗೆ ಅಂಟಿಸಿದ್ದ ಪುಟ್ಟ ಡಬ್ಬಿಯ ಮೇಲೆ ಕಣ್ಣು ಬಿತ್ತು. “ಈ ಬೆಸುಗೆ ಯಾರು ಹಾಕಿದ್ದು ಸಾಹೇಬ್ರೆ? ನಾಯಿ ನೆಕ್ಕಿದ ಹಾಗಿದೆ.”

“ನಾನೇ,” ಎಂದಿತು ಹಿಂದಿನಿಂದ ಒಂದು ಹೆಣ್ಣುದನಿ.

ಆ ಕೋಣೆಗೆಲ್ಲ ದೊಡ್ಡವರು ಆ ಮೇಡಂ. ಮೇಸ್ತ್ರಿ ನಾಲಿಗೆ ಕಚ್ಚಿಕೊಂಡ. ಮೇಡಂ ನಕ್ಕರು. ಅವರ ದನಿ ದಪ್ಪವಾಗಿತ್ತು, ಹಾಗಾಗಿ ಅವನಿಗೆ ಎಲ್ಲವೂ ಕೇಳಿತು.

“ನೀವು ಹಾಕಿದ್ರೆ ಹೇಗಿರತ್ತೆ?”

“ಕೊಟ್ಟು ನೋಡಿ ಮೇಡಂ.”

ಮುಂದಿನ ಸೋಮವಾರದಿಂದ ಆ ಕೋಣೆಯ ಮೂಲೆಯಲ್ಲಿ ಅವನಿಗೊಂದು ಮೇಜು, ಒಂದು ಸ್ಟೂಲು ಸಿಕ್ಕಿತು.

ಮೊದಲ ವಾರ ಅವನು ತಡೆಯಲಾರದೆ ಕೇಳಿದ. “ಈ ಯಂತ್ರದ ತಳದಲ್ಲಿ ಏನಿದೆ ಮೇಡಂ?”

ಮೇಡಂ ಕಿರುಬೆರಳು ತೋರಿಸಿದರು. “ಈ ಉಗುರಿನಷ್ಟು ಒಂದು ಚಿಪ್. ಅದರ ಮೇಲೆ ಕ್ಯೂಬಿಟ್ ಅಂತ ಇದೆ. ಮುಂದೆ ಬರೋ ಹೊಸ ನಮೂನೆ ಕಂಪ್ಯೂಟರಿಗೆ ಅದೇ ಬೀಜ.”

“ಉಗುರಿಗೆ ಇಷ್ಟು ದೊಡ್ಡ ಯಂತ್ರಾನಾ?”

“ತಣ್ಣಗಿಡ್ಬೇಕಲ್ಲ. ನಕ್ಷತ್ರಗಳ ಮಧ್ಯೆ ಖಾಲಿ ಜಾಗ ಇದ್ಯಲ್ಲ, ಅದಕ್ಕಿಂತ ಇನ್ನೂರು ಪಟ್ಟು ತಣ್ಣಗೆ.”

ಮೇಸ್ತ್ರಿ ತಲೆ ಎತ್ತಿ ನೋಡಿದ. ಟ್ಯೂಬ್‌ಲೈಟು ಕಂಡಿತು.

“ಅಷ್ಟು ತಣ್ಣಗೆ ಯಾಕೆ?”

“ಬಿಸಿ ಅಂದ್ರೇನೇ ಗದ್ದಲ ಮೇಸ್ತ್ರಿ. ಬೆಚ್ಚಗಿರೋದೆಲ್ಲ ಒಳಗೊಳಗೇ ಗಿಜಿಗಿಜಿ ಅಂತಿರತ್ತೆ. ಈ ಮೇಜು, ಆ ಗೋಡೆ, ನೀವು, ನಾನು, ಎಲ್ಲ. ಆ ಗದ್ದಲ ತಂತಿ ಹಿಡ್ಕೊಂಡು ಕೆಳಗಿಳಿಯತ್ತೆ. ಕ್ಯೂಬಿಟ್‌ಗೆ ಅದರಲ್ಲಿ ಒಂದು ಹನಿ ತಾಗಿದ್ರೂ ಮುಗೀತು, ನೆನಪಲ್ಲಿಟ್ಕೊಂಡಿದ್ದನ್ನ ಮರೆತುಬಿಡತ್ತೆ.”

“ತಂತೀನೇ ಕಿತ್ತುಹಾಕಿದ್ರೆ?”

“ಅದನ್ನ ಮಾತಾಡ್ಸೋದು ಹೇಗೆ ಆಮೇಲೆ? ನಾವು ಕಳಿಸೋ ಮಾತು ನಿಧಾನದ್ದು, ದಪ್ಪನೇದು. ಅದು ಇಳೀಬೇಕು. ಗದ್ದಲ ಚುರುಕಿಂದು, ಸಣ್ಣದು. ಅದು ನಿಲ್ಬೇಕು. ನೀವು ಮಾಡ್ತಿರೋ ಡಬ್ಬಿ ಇದ್ಯಲ್ಲ, ಅದರ ಕೆಲಸ ಅದೇ. ಫಿಲ್ಟರ್.”

“ಜರಡಿ.”

“ಹೂಂ, ಜರಡಿ.”

ಮೇಸ್ತ್ರಿ ತಲೆ ಕೆರೆದುಕೊಂಡ. “ಜರಡೀಲಿ ಸಣ್ಣದು ಇಳಿಯತ್ತೆ, ದಪ್ಪದ್ದು ನಿಲ್ಲತ್ತೆ. ಇದು ಉಲ್ಟಾ ಆಯ್ತಲ್ಲ ಮೇಡಂ?” ಆಮೇಲೆ ಮುಖ ಅರಳಿತು. “ಗೊತ್ತಾಯ್ತು ಬಿಡಿ. ನನ್ನ ಕಿವಿ! ಲಾರಿ ಒಳಗೆ ಬಿಡತ್ತೆ, ಹೆಂಡ್ತೀನ ತಡೆಯತ್ತೆ.”

ಮೀಸೆ ಹೊಟ್ಟೆ ಹಿಡಿದುಕೊಂಡು ನಕ್ಕ. ಮೇಡಂ ನಗಲಿಲ್ಲ. “ಇಷ್ಟು ಚೆನ್ನಾಗಿ ನನಗೂ ಹೇಳೋಕೆ ಬರಲ್ಲ,” ಎಂದರು.

ಕೆಲಸ ಹೀಗಿತ್ತು. ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ತಾಮ್ರದ ಡಬ್ಬಿ. ಅದರೊಳಗೆ ಪೆನ್ಸಿಲ್ಲಿನ ದಪ್ಪದ ಕಡ್ಡಿ. ಕಡ್ಡಿಗೆ ಅರಗು ಹಚ್ಚಿದ ಸಣ್ಣ ತಂತಿ, ಎರಡು ಮೀಟರಿನಷ್ಟು, ಒತ್ತೊತ್ತಾಗಿ ಸುತ್ತಬೇಕು. ಸುತ್ತಲೂ ತಾಮ್ರದ ಪುಡಿ ತುಂಬಬೇಕು. ಹಿಟ್ಟಿಗಿಂತ ನುಣುಪು. ಒಂದು ಚಮಚ ಹಾಕುವುದು, ಬೆರಳಿನಿಂದ ತಟ್ಟುವುದು, ಮತ್ತೆ ಒಂದು ಚಮಚ. ಒಳಗೆ ಪೊಳ್ಳು ಉಳಿಯಬಾರದು. ಪೊಳ್ಳು ಉಂಟೋ ಇಲ್ಲವೋ ಎಂದು ಬೇರೆಯವರು ಸದ್ದು ಕೇಳಿ ಹೇಳುತ್ತಿದ್ದರೇನೋ. ಮೇಸ್ತ್ರಿ ಬೆರಳ ತುದಿಯಲ್ಲೇ ಹೇಳುತ್ತಿದ್ದ. ಕೊನೆಗೆ ಮುಚ್ಚಳ, ಬೆಸುಗೆ. ಒಂದು ಡಬ್ಬಿಗೆ ಒಂದು ದಿನ.

ಅವನ ಮೊದಲ ನಾಲ್ಕು ಡಬ್ಬಿ ಯಂತ್ರಕ್ಕೆ ಸೇರಿದ ಮೇಲೆ ಕ್ಯೂಬಿಟ್ ಮೂವತ್ತು ಬದುಕಿತು. ಮೂವತ್ತು ಎಂದರೆ ಏನು ಎಂದು ಕೇಳಿದ. ಸೆಕೆಂಡನ್ನು ಹತ್ತು ಲಕ್ಷ ಚೂರು ಮಾಡಿ, ಅದರಲ್ಲಿ ಮೂವತ್ತು ಚೂರು ಎಂದರು. ಅದು ದೊಡ್ಡದೋ ಚಿಕ್ಕದೋ ಅವನಿಗೆ ತಿಳಿಯಲಿಲ್ಲ. ಮೇಡಂ ಮುಖ ನೋಡಿ ದೊಡ್ಡದೇ ಇರಬೇಕು ಅಂದುಕೊಂಡ. ಮನೆಗೆ ಹೋಗಿ ಹೆಂಡತಿಗೆ ಹೇಳಿದ.

“ನಕ್ಷತ್ರಕ್ಕಿಂತ ತಣ್ಣಗಿರೋ ಜಾಗದಲ್ಲಿ ನನ್ನ ಡಬ್ಬಿ ಕೂತಿದೆ ಕಣೇ.”

“ಮನೇ ಫ್ರಿಜ್ ಬಾಗಿಲು ಮುಚ್ಚಲ್ಲ, ಅದನ್ನ ಮೊದ್ಲು ನೋಡಿ,” ಎಂದಳು. ಅವನಿಗೆ ಕೇಳಲಿಲ್ಲ.

ಆಮೇಲೆ ಹೊಸ ಚಿಪ್ಪಿನ ಕೆಲಸ ಶುರುವಾಯಿತು. ಮೇಡಂ ಒಂದು ವರ್ಷ ಅದರ ಹಿಂದೆ ಬಿದ್ದರು. ಊಟದ ಹೊತ್ತಿಗೆ ಊಟ ಇಲ್ಲ. ಈ ಚಿಪ್ ಅರವತ್ತು ದಾಟಬೇಕು ಎನ್ನುವುದು ಅವರ ಆಸೆ. ಅದಕ್ಕೆ ತಂತಿ ಹೆಚ್ಚು, ಹಾಗಾಗಿ ಡಬ್ಬಿಯೂ ಹೆಚ್ಚು. ಹೊಸದಾಗಿ ಎಂಟು ಬೇಕಾದವು. ಯಂತ್ರ ತಿಂಗಳ ಕೊನೆಯವರೆಗೆ ಮಾತ್ರ ಇವರ ಕೈಯಲ್ಲಿ. ಆಮೇಲೆ ಒಂದು ವರ್ಷ ಪಕ್ಕದ ಕೋಣೆಯವರ ಸರದಿ. ಅಷ್ಟರಲ್ಲಿ ಚಿಪ್ ತನ್ನ ಯೋಗ್ಯತೆ ತೋರಿಸಬೇಕು, ಇಲ್ಲವಾದರೆ ಅದನ್ನು ಪಕ್ಕಕ್ಕಿಟ್ಟು ಬೇರೆ ದಾರಿ ಹಿಡಿಯಬೇಕು. ಈ ಮಾತು ಮೇಸ್ತ್ರಿಗೂ ಗೊತ್ತಿತ್ತು.

ಮೊದಲ ಡಬ್ಬಿ ತುಂಬುವಷ್ಟರಲ್ಲಿ ಹಳೆಯ ಪುಡಿ ಮುಗಿಯಿತು. ಹೊಸ ಡಬ್ಬದ ಮುಚ್ಚಳ ತೆಗೆದ. ಪುಡಿ ಮಂಕಾಗಿತ್ತು. ಹಳೇ ಇಟ್ಟಿಗೆಯ ಬಣ್ಣ. ಮೊದಲಿನದೂ ಹೀಗೇ ಇತ್ತು. ಆಗ ಅವನು ಹೊಸಬ, ಬಾಯಿ ಮುಚ್ಚಿಕೊಂಡು ತುಂಬಿದ್ದ. ಈಗ ಮನಸ್ಸು ಒಪ್ಪಲಿಲ್ಲ. ಮೇಡಂ ಒಂದು ವರ್ಷ ಬೆವರು ಸುರಿಸಿದ ಚಿಪ್ಪಿಗೆ ಮುಖ ತೊಳೆಯದ ತಾಮ್ರವೇ?

ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ನಿಂಬೆರಸ, ಉಪ್ಪು, ಬಿಸಿನೀರು ಹಾಕಿ ಪುಡಿಯನ್ನು ತೊಳೆದ. ಮೂರು ನೀರಿನಲ್ಲಿ ಜಾಲಿಸಿದ. ಫ್ಯಾನಿನ ಕೆಳಗೆ ಹರಡಿ ಒಣಗಿಸಿದ. ಪುಡಿ ಬೆಳಗಿನ ಸೂರ್ಯನ ಹಾಗೆ ಕೆಂಪಗೆ ಹೊಳೆಯಿತು. ಅಪ್ಪ ನೋಡಿದ್ದರೆ ಬೆನ್ನು ತಟ್ಟುತ್ತಿದ್ದ. ಉಳಿದ ಏಳೂ ಡಬ್ಬಿಗೆ ಅದನ್ನೇ ತುಂಬಿದ. ಯಾರಿಗೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ಮುಖ ತೊಳೆದುಕೊಂಡು ಬಂದೆ ಎಂದು ಯಾರಾದರೂ ಹೇಳಿಕೊಂಡು ತಿರುಗುತ್ತಾರೆಯೇ?

ಮೀಸೆ ಬಂದು ಒಂದು ಡಬ್ಬಿಯನ್ನು ಅಳೆಯುವ ಯಂತ್ರಕ್ಕೆ ಸಿಕ್ಕಿಸಿದ. ಪರದೆಯ ಮೇಲೆ ಗೆರೆ ಬೆಟ್ಟ ಇಳಿದಂತೆ ಇಳಿಯಿತು.

“ಫಸ್ಟ್ ಕ್ಲಾಸ್! ಉಳಿದಿದ್ದೂ ಇದರ ಅಣ್ಣತಮ್ಮಂದ್ರೇ ತಾನೇ? ಅನ್ನ ಬೆಂದಿದ್ಯಾ ಅಂತ ನೋಡೋಕೆ ಒಂದು ಅಗುಳು ಸಾಕು.”

ಅವನ ಕೈಗೆ ಸಿಕ್ಕಿದ್ದು ಮೊದಲ ಡಬ್ಬಿ, ಹಳೆಯ ಪುಡಿಯದು.

ಎಂಟೂ ಡಬ್ಬಿ ಯಂತ್ರ ಸೇರಿದವು. ತಣ್ಣಗಾಗಲು ಎರಡು ದಿನ. ಮೂರನೆಯ ದಿನ ಬೆಳಗ್ಗೆ ಮೇಡಂ ಪರದೆಯ ಮುಂದೆ ಕೂತರು. ಮೇಸ್ತ್ರಿ ಸ್ಟೂಲಿನಲ್ಲೇ ಕೂತು ಕತ್ತು ಉದ್ದ ಮಾಡಿದ. ಮೇಡಂ ಒಮ್ಮೆ ಅಳೆದರು. ಇನ್ನೊಮ್ಮೆ ಅಳೆದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಐದು,” ಎಂದರು.

ಆಮೇಲಿನ ಎಂಟು ದಿನ ಆ ಕೋಣೆಯಲ್ಲಿ ಯಾರೂ ನಗಲಿಲ್ಲ. ತಂತಿ ಬದಲಾಯಿಸಿದರು. ಪಂಪು ನಿಲ್ಲಿಸಿ ನೋಡಿದರು. ಲೈಟು ಆರಿಸಿ ನೋಡಿದರು. ಮೇಡಂ ತಮ್ಮ ಮೊಬೈಲನ್ನು ಹೊರಗಿನ ಮರದ ಕೆಳಗೆ ಇಟ್ಟು ಬಂದರು. ಐದು ಐದಾಗಿಯೇ ಉಳಿಯಿತು. ಕೊನೆಗೆ ಯಂತ್ರವನ್ನು ಬೆಚ್ಚಗೆ ಮಾಡಿ, ಬಿಚ್ಚಿದರು. ತಿಂಗಳು ಮುಗಿಯಲು ಆರು ದಿನ ಉಳಿದಿತ್ತು.

“ಡಬ್ಬಿ ಚೆನ್ನಾಗಿದೆ, ನಾನೇ ಅಳೆದಿದ್ದೀನಿ. ತಂತಿ ಚೆನ್ನಾಗಿದೆ. ಇನ್ನು ಉಳಿದಿದ್ದು ಚಿಪ್ ಒಂದೇ,” ಎಂದ ಮೀಸೆ, ನೆಲ ನೋಡುತ್ತ.

ಮೇಡಂ ಇಕ್ಕಳದಿಂದ ಚಿಪ್ ಎತ್ತಿ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿಟ್ಟು, ಮೇಲೆ ತಾರೀಕು ಬರೆಯತೊಡಗಿದರು. ಸತ್ತವರ ಮನೆಯಲ್ಲಿ ಏನಾದರೊಂದು ಮಾತಾಡಬೇಕಲ್ಲ, ಹಾಗೆ ಮೇಸ್ತ್ರಿ ಎದ್ದು ಹತ್ತಿರ ಬಂದ.

“ಬೇಜಾರು ಮಾಡ್ಕೋಬೇಡಿ ಮೇಡಂ. ನಮ್ಮ ಕಡೆಯಿಂದ ಏನೂ ಕಡಿಮೆ ಆಗ್ಲಿಲ್ಲ. ನಾನಂತೂ ಈ ಸಲ ಪುಡೀನೂ ತೊಳೆದೇ ಹಾಕಿದ್ದೆ.”

ಪೆನ್ನು ನಿಂತಿತು.

“ಏನು ಮಾಡಿದ್ರಿ?”

“ತೊಳೆದೆ. ಪೂರ್ತಿ ಕಿಲುಬು ಮೇಡಂ. ನಿಂಬೆರಸ ಹಾಕಿ ಥಳಥಳ ಮಾಡಿದೆ.”

“ಎಂಟಕ್ಕೂನಾ?”

“ಏಳಕ್ಕೆ. ಮೊದಲನೇದು ಹಳೇ ಪುಡೀದು. ಸಾಹೇಬ್ರು ಅಳೆದ್ರಲ್ಲ, ಅದು.”

ಮೀಸೆಯ ಕೈ ಮೀಸೆಯ ಮೇಲೆ ಹೋಗಿ ಅಲ್ಲೇ ನಿಂತಿತು. ಮೇಡಂ ಎದ್ದರು. “ಎರಡೂ ಪುಡಿ ತನ್ನಿ.”

ಹಳೆಯ ಡಬ್ಬದ ತಳದಲ್ಲಿ ಒಂದು ಚಿಟಿಕೆ ಉಳಿದಿತ್ತು. ತೊಳೆದದ್ದು ಬಿರಡೆ ಹಾಕಿದ ಸೀಸೆಯಲ್ಲಿತ್ತು. ಎರಡನ್ನೂ ಎರಡು ಮುಚ್ಚಳಕ್ಕೆ ಸುರಿದ. ಮೇಡಂ ಕರೆಂಟು ಹರಿದರೆ ಕೀಂಯ್ ಎನ್ನುವ ಮೀಟರ್ ತೆಗೆದು, ಅದರ ಎರಡು ಕಡ್ಡಿಯನ್ನು ಮಂಕು ಪುಡಿಗೆ ಚುಚ್ಚಿದರು. ಏನೂ ಇಲ್ಲ. ಹೊಳೆಯುವ ಪುಡಿಗೆ ಚುಚ್ಚಿದರು.

ಮೇಸ್ತ್ರಿಗೆ ಆಗಲೂ ಏನೂ ಕೇಳಲಿಲ್ಲ. ಆದರೆ ಮೀಸೆ ಬೆಚ್ಚಿದ್ದು ಕಂಡಿತು. ಮೇಡಂ ಕಣ್ಣು ಮುಚ್ಚಿದ್ದು ಕಂಡಿತು. ಮೀಟರ್ ತನಗೆ ಕೇಳದ ಸಣ್ಣ ದನಿಯಲ್ಲಿ ಕಿರುಚುತ್ತಿದೆ ಎಂದು ಅವರ ಮುಖಗಳಿಂದಲೇ ತಿಳಿಯಿತು.

“ಏನಾಯ್ತು ಮೇಡಂ?”

ಮೇಡಂ ಬೈಯಲಿಲ್ಲ. ಸ್ಟೂಲು ಎಳೆದು ಅವನ ಎದುರು ಕೂತರು. “ಆ ಕಿಲುಬೇ ನಮಗೆ ಬೇಕಾಗಿದ್ದು ಮೇಸ್ತ್ರಿ. ಒಂದೊಂದು ಕಣಾನೂ ತೆಳ್ಳಗೆ ಒಂದು ಕೊಳೆ ಅಂಗಿ ಹಾಕ್ಕೊಂಡಿರತ್ತೆ. ಅದಕ್ಕೇ ಪಕ್ಕದ ಕಣಕ್ಕೆ ತಾಗಲ್ಲ. ಗದ್ದಲ ಒಳಗೆ ಬಂದ್ರೆ ಒಂದೊಂದು ಕಣದ ಮೈಮೇಲೂ ಬೇರೆ ಬೇರೆ ಓಡ್ಬೇಕು. ಓಡಿ ಓಡಿ ಸುಸ್ತಾಗಿ ಅಲ್ಲೇ ಆರಿಹೋಗತ್ತೆ. ನೀವು ಅಂಗಿ ಬಿಚ್ಚಿದ್ರಿ. ಎಲ್ಲ ಕೈಕೈ ಹಿಡ್ಕೊಂಡು ಒಂದೇ ಗಟ್ಟಿ ಆಗ್ಬಿಟ್ವು. ಗದ್ದಲ ಜಾರ್ಕೊಂಡು ಸೀದಾ ಕೆಳಗೆ ಹೋಯ್ತು.”

“ಓಡಿ ಸುಸ್ತಾಗೋಕೆ ಅಷ್ಟು ಮೈ ಎಲ್ಲಿಂದ ಬರತ್ತೆ? ಡಬ್ಬಿ ಇಷ್ಟೇ ಇದ್ಯಲ್ಲ?”

“ಒಂದು ಡಬ್ಬಿ ಪುಡಿಯ ಕಣಗಳ ಮೈಯೆಲ್ಲ ಬಿಡಿಸಿ ಹಾಸಿದ್ರೆ ಒಂದು ಚಾಪೆ ಆಗತ್ತೆ. ನೀವು ಮಲಗಬಹುದು.”

ಮೇಸ್ತ್ರಿ ತನ್ನ ಅಂಗೈ ನೋಡಿಕೊಂಡ. ಆ ಅಂಗೈಯಲ್ಲಿ ಎಷ್ಟು ಸಲ ಚಾಪೆ ಹಿಡಿದಿದ್ದನೋ, ಗೊತ್ತೇ ಇರಲಿಲ್ಲ. ನಲವತ್ತು ವರ್ಷ ಯಾವುದನ್ನು ಕೊಳೆ ಎಂದು ಕೆರೆದು ಚರಂಡಿಗೆ ಬಿಟ್ಟನೋ ಅದು ಕಾವಲು ಕಾಯುವ ವಸ್ತು. ಅವನಿಗೆ ಅಳು ಬರಬೇಕಿತ್ತು. ಬಂದದ್ದು ಬೆರಗು. ಅಳು ಆಮೇಲೆ ಬಂತು.

“ನಿಮ್ಮ ಒಂದು ವರ್ಷ ನಾನು ತೊಳೆದುಬಿಟ್ಟೆ ಮೇಡಂ.”

“ಇನ್ನೂ ಆರು ದಿನ ಇದೆ.”

ಮೀಸೆ ತಲೆಯಾಡಿಸಿದ. “ಹೊಸ ಪುಡಿ ಬರೋಕೆ ಮೂರು ವಾರ ಬೇಕು ಮೇಡಂ. ಆಗಲ್ಲ.”

“ಪುಡಿ ಯಾಕೆ ಸಾಹೇಬ್ರೆ?” ಮೇಸ್ತ್ರಿ ಕಣ್ಣೊರೆಸಿಕೊಂಡ. “ಕಿಲುಬು ತೆಗೆಯೋಕೆ ಬರೋನಿಗೆ ಕಿಲುಬು ಹತ್ಸೋಕೆ ಬರಲ್ವಾ? ಓವನ್ ಕೊಡಿ. ಸಣ್ಣ ಕಾವು. ಬಣ್ಣ ನನಗೆ ಬಿಡಿ.”

ಮೀಸೆ ಮೇಡಂ ಕಡೆ ನೋಡಿದ. ಹಾಳು ಮಾಡಿದವನ ಕೈಗೇ ಮತ್ತೆ ಕೊಡುವುದೇ ಎಂದು ಅವನ ಮುಖದಲ್ಲಿ ಬರೆದಿತ್ತು. ಮೇಡಂ ಹೊಳೆಯುವ ಪುಡಿಯನ್ನು ಮೇಸ್ತ್ರಿಯ ಕಡೆ ಸರಿಸಿದರು. “ಕೊಡೋಣ. ಆದ್ರೆ ಈ ಸಲ ಎಂಟು ಅಗುಳೂ ಹಿಸುಕಿ ನೋಡ್ಬೇಕು.”

ಏಳು ಡಬ್ಬಿಯ ಬೆಸುಗೆ ಬಿಚ್ಚಿದರು. ಪುಡಿಯನ್ನು ಅಗಲವಾದ ತಟ್ಟೆಯಲ್ಲಿ ತೆಳ್ಳಗೆ ಹರಡಿ ಓವನ್ನಿನಲ್ಲಿಟ್ಟ ಮೇಸ್ತ್ರಿ ಅದರ ಗಾಜಿಗೆ ಮೂಗು ಹಚ್ಚಿ ಕೂತ. ತಾಮ್ರ ಕಾದರೆ ಬಣ್ಣ ಹೇಗೆ ತಿರುಗುತ್ತದೆ ಎಂದು ಅವನಿಗೆ ಗೊತ್ತು. ಮೊದಲು ಕಿತ್ತಳೆ, ಆಮೇಲೆ ಇಟ್ಟಿಗೆ, ಆಮೇಲೆ ನೇರಳೆ, ಕೊನೆಗೆ ಮಸಿ. ಇದೆಲ್ಲ ಕೆಡುವ ದಾರಿ ಎಂದು ಕಲಿತವನು ಅದೇ ದಾರಿಯಲ್ಲಿ ಸರಿಯಾದ ಮೆಟ್ಟಿಲಿನ ಮೇಲೆ ನಿಲ್ಲಬೇಕಿತ್ತು. ಹತ್ತು ನಿಮಿಷಕ್ಕೊಮ್ಮೆ ಮಗುಚಿದ. ಟೀ ತಂದುಕೊಟ್ಟರೆ ಆರಿಹೋಯಿತು.

“ಮೇಸ್ತ್ರಿ, ಮಸಿ ಆದ್ರೆ?” ಮೀಸೆ ಕೇಳಿದ.

“ಮಾತಾಡಿಸ್ಬೇಡಿ ಸಾಹೇಬ್ರೆ. ಹದ ತಪ್ಪತ್ತೆ.”

ಸಂಜೆಯ ಬಿಸಿಲು ಕಿಟಕಿಯಿಂದ ಇಳಿಯುವ ಹೊತ್ತಿಗೆ ತಟ್ಟೆ ಹೊರಗೆ ತೆಗೆದ. ಹಳೇ ಇಟ್ಟಿಗೆ. ಮೀಟರ್ ಕಡ್ಡಿಯನ್ನು ತಾನೇ ಚುಚ್ಚಿ, ಕಣ್ಣೆತ್ತಿ ಮೀಸೆಯ ಮುಖ ನೋಡಿದ. ತನ್ನ ಕಿವಿಗಿಂತ ಆ ಮುಖವನ್ನು ನಂಬಬೇಕಿತ್ತು. ಮುಖ ಅಲುಗಲಿಲ್ಲ.

“ಸದ್ದಿಲ್ಲ,” ಎಂದ ಮೀಸೆ.

ಮರುದಿನ ಮೂರು ಡಬ್ಬಿ, ಅದರ ಮರುದಿನ ನಾಲ್ಕು. ಒಂದು ದಿನಕ್ಕೆ ಒಂದು ಎನ್ನುವ ತನ್ನ ನೇಮವನ್ನು ಅವನು ಮೊದಲ ಬಾರಿಗೆ ಮುರಿದ. ಮೀಸೆ ಎಂಟನ್ನೂ ಒಂದೊಂದಾಗಿ ಅಳೆದ. ಎಂಟು ಸಲ ಗೆರೆ ಬೆಟ್ಟ ಇಳಿಯಿತು. ಮೇಡಂ ಪೆಟ್ಟಿಗೆಯಿಂದ ಚಿಪ್ ಹೊರತೆಗೆದರು.

ಯಂತ್ರ ತಣ್ಣಗಾಗುವ ಎರಡು ದಿನ ಮೇಸ್ತ್ರಿ ಮನೆಯಲ್ಲಿ ಕೂತಲ್ಲಿ ಕೂರಲಿಲ್ಲ. ಫ್ರಿಜ್ಜಿನ ಬಾಗಿಲು ಕೂಡ ರಿಪೇರಿ ಮಾಡಿದ.

ತಿಂಗಳ ಕೊನೆಯ ದಿನ ಬೆಳಗ್ಗೆ ಮೂವರೂ ಪರದೆಯ ಮುಂದಿದ್ದರು. ಚುಕ್ಕಿಗಳು ಒಂದೊಂದಾಗಿ ಬಿದ್ದವು. ಹೋದ ಸಲ ಚುಕ್ಕಿಗಳು ಬಾವಿಗೆ ಕಲ್ಲು ಎಸೆದ ಹಾಗೆ ಬಿದ್ದಿದ್ದವು. ಈ ಸಲ ಎಲೆ ಬೀಳುವ ಹಾಗೆ, ತೇಲುತ್ತ, ನಿಧಾನಕ್ಕೆ ಇಳಿದವು. ಮೇಸ್ತ್ರಿಗೆ ಅಂಕಿ ಓದಬೇಕಾಗಲಿಲ್ಲ.

“ಎಪ್ಪತ್ತೊಂದು,” ಎಂದರು ಮೇಡಂ. ಆಮೇಲೆ ತಿರುಗಿ ಮೇಸ್ತ್ರಿಯ ಎರಡೂ ಕೈ ಹಿಡಿದುಕೊಂಡರು.

“ಈಗ ಅದು ಬದುಕಿದ್ಯಾ ಮೇಡಂ?”

“ನೀವು ಕೇಳಿ ಮುಗಿಸೋದ್ರೊಳಗೆ ಸಾವಿರಾರು ಸಲ ನೆನಪಿಟ್ಕೊಂಡು, ಸಾವಿರಾರು ಸಲ ಮರೆತಾಯ್ತು.”

ಮೇಸ್ತ್ರಿ ಯಂತ್ರದ ಕಡೆ ತಿರುಗಿದ. ಹೊರಗಿನ ಬಿಳಿ ಡಬ್ಬ ಮಾತ್ರ ಕಾಣುತ್ತಿತ್ತು. ಒಳಗೆ, ಕೆಳಗೆ, ಎಲ್ಲದಕ್ಕಿಂತ ತಣ್ಣಗಿನ ಕತ್ತಲಲ್ಲಿ, ಉಗುರಿನಷ್ಟು ಜಾಗದಲ್ಲಿ ಲೋಕದ ಗದ್ದಲ ನಿಂತಿತ್ತು. ಅವನ ಎಂಟು ಮಂಕು ಡಬ್ಬಿಗಳು ಅದನ್ನು ತಡೆದು ಹಿಡಿದಿದ್ದವು. ತನ್ನ ಕಿವಿಯಲ್ಲಿ ಹಗಲೂ ರಾತ್ರಿ ಗುಂಯ್‌ಗುಡುವ ಸದ್ದು ಅವನಿಗೆ ನೆನಪಾಯಿತು. ಅಂಥ ಸದ್ದು ಒಂದು ಹನಿಯೂ ಇಲ್ಲದ ಜಾಗ ಹೇಗಿರಬಹುದು ಎಂದು ಯೋಚಿಸಲು ನೋಡಿದ. ಆಗಲಿಲ್ಲ. ಆದರೆ ಅದನ್ನು ಮಾಡಿದ್ದು ಅವನ ಬೆರಳು.

ಅವತ್ತಿನಿಂದ ಮೇಸ್ತ್ರಿ ಆ ಕೋಣೆಯಲ್ಲಿ ಪಿಸುಮಾತಿನಲ್ಲೇ ಮಾತಾಡುತ್ತಾನೆ. ಕಿವುಡರಿಗೆ ದನಿ ಜೋರು. ಮೊದಲು ಅವನು ಮಾತಾಡಿದರೆ ಗೇಟಿನ ಕಾವಲುಗಾರನಿಗೂ ಕೇಳುತ್ತಿತ್ತು. “ನಿಮ್ಮ ಮಾತು ಅಲ್ಲಿಗೆ ತಲುಪಲ್ಲ ಮೇಸ್ತ್ರಿ, ಧಾರಾಳವಾಗಿ ಕೂಗಿ,” ಎಂದು ಮೀಸೆ ಎಷ್ಟು ಹೇಳಿದರೂ ಕೇಳುವುದಿಲ್ಲ. ಮನೆಯಲ್ಲೂ ಅದೇ ಅಭ್ಯಾಸವಾಗಿದೆ.

“ಏನ್ರೀ ಅದು ಗುಸುಗುಸು? ಜೋರಾಗಿ ಹೇಳಿ, ನನಗೆ ಕೇಳಲ್ಲ!” ಎಂದು ಈಗ ಹೆಂಡತಿ ಕೂಗುತ್ತಾಳೆ.

ಅವನಿಗೆ ಅದು ಕೇಳುವುದಿಲ್ಲ. ಮುಖ ನೋಡಿ ಗೊತ್ತಾಗುತ್ತದೆ. ಎದ್ದು ಹತ್ತಿರ ಹೋಗಿ ಕೂತು ಹೇಳುತ್ತಾನೆ.